ಕಾರ್ಖಾನೆಯಲ್ಲಿ ಹುಟ್ಟಿದ ಕನ್ನಡಕ

ಹೊಸ ಶಬ್ದವೊಂದು ಕಿವಿಗೆ ಬಿದ್ದೊಡನೆ ಅದರ ಹುಟ್ಟೂರು ಯಾವುದೆಂದು ವಿಚಾರಿಸುವುದು ಚರಿತ್ರೆ ಕಲಿಸಿದವರ ಚಾಳಿ. ನಿವೃತ್ತಿಯಾದ ಮೇಲೂ ಅದು ಬಿಟ್ಟುಹೋಗುವುದಿಲ್ಲ. ‘ಆಗ್ಮೆಂಟೆಡ್ ರಿಯಾಲಿಟಿ’ ಎಂಬ ಮಾತು ನಮ್ಮ ಮನೆಯ ಮಕ್ಕಳಿಗೆ ಪರಿಚಯವಾದದ್ದು 2016ರಲ್ಲಿ, ಪೋಕೆಮಾನ್ ಗೋ ಎಂಬ ಮೊಬೈಲ್ ಆಟದ ಮೂಲಕ. ಫೋನನ್ನು ರಸ್ತೆಯ ಕಡೆ ಹಿಡಿದರೆ ಅಲ್ಲೊಂದು ಬೊಂಬೆಪ್ರಾಣಿ ಕುಣಿಯುತ್ತಿತ್ತು. ಕನ್ನಡದಲ್ಲಿ ಇದನ್ನು ‘ವರ್ಧಿತ ವಾಸ್ತವ’ ಎನ್ನುತ್ತಾರೆ. ಆಟದಿಂದ ಪರಿಚಯವಾದದ್ದರಿಂದ ಇದು ಆಟಕ್ಕಾಗಿಯೇ ಹುಟ್ಟಿದ ವಿದ್ಯೆಯೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಈ ಹೆಸರು ಹುಟ್ಟಿದ್ದು ಅಮೆರಿಕದ ಒಂದು ವಿಮಾನ ಕಂಪನಿಯಲ್ಲಿ. ಪ್ಲೈವುಡ್ ಹಲಗೆಯ ಮುಂದೆ ನಿಂತು ತಂತಿ ಜೋಡಿಸುತ್ತಿದ್ದ ಕಾರ್ಮಿಕರ ಕೆಲಸವನ್ನು ಹಗುರಗೊಳಿಸುವ ಯೋಚನೆಯೇ ಅದಕ್ಕೆ ಕಾರಣ.

ಮೊದಲು ವಿಷಯವೇನೆಂದು ಸ್ಪಷ್ಟಪಡಿಸಿಕೊಳ್ಳೋಣ. ರಾತ್ರಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತವರು ಗಾಜಿನಲ್ಲಿ ತಮ್ಮ ಮುಖವನ್ನೂ, ಅದರ ಮೂಲಕವೇ ಹೊರಗೆ ಹಾದುಹೋಗುವ ಊರಿನ ದೀಪಗಳನ್ನೂ ಒಟ್ಟಿಗೆ ಕಂಡಿರುತ್ತೀರಿ. ಎರಡು ದೃಶ್ಯಗಳು ಒಂದರ ಮೇಲೊಂದು ಕೂರುತ್ತವೆ. ಮುಖದ ಬದಲು ಅಲ್ಲಿ ಕೆಲಸಕ್ಕೆ ಬೇಕಾದ ಚಿತ್ರವೋ ಗುರುತೋ ಮೂಡಿ, ಅದು ಹೊರಗಿನ ವಸ್ತುವಿನ ಮೇಲೆ ಸರಿಯಾಗಿ ಹೊಂದಿಕೊಂಡು ಕುಳಿತರೆ ಅದೇ ವರ್ಧಿತ ವಾಸ್ತವ. ನಮ್ಮ ವೇದಾಂತಿಗಳು ಒಂದರ ಮೇಲೆ ಇನ್ನೊಂದನ್ನು ಆರೋಪಿಸಿ ನೋಡುವುದನ್ನು ‘ಅಧ್ಯಾಸ’ ಎಂದು ಕರೆದು, ಹಗ್ಗದಲ್ಲಿ ಹಾವನ್ನು ಕಾಣುವ ದೃಷ್ಟಾಂತವನ್ನು ಕೊಟ್ಟರು. ಅವರ ಪ್ರಕಾರ ಅದು ಭ್ರಮೆ, ಕಳೆದುಕೊಳ್ಳಬೇಕಾದದ್ದು. ಇಲ್ಲಿಯಾದರೋ ಆರೋಪಿಸಿದ್ದೇ ಕೆಲಸಕ್ಕೆ ದಾರಿ ತೋರಿಸುತ್ತದೆ!

ಅರೆಗನ್ನಡಿಯ ಈ ತಂತ್ರ ಹಳೆಯದು. 1862ರ ಕ್ರಿಸ್ಮಸ್ ಹಿಂದಿನ ದಿನ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್‌ನಲ್ಲಿ ಜಾನ್ ಹೆನ್ರಿ ಪೆಪ್ಪರ್ ಎಂಬುವನು ದೊಡ್ಡ ಗಾಜಿನ ಹಾಳೆಯೊಂದನ್ನು ಓರೆಯಾಗಿ ನಿಲ್ಲಿಸಿ, ರಂಗದ ಮೇಲೆ ನಟರ ನಡುವೆ ‘ಭೂತ’ವೊಂದನ್ನು ಓಡಾಡಿಸಿದನು. ಅದೇ ತತ್ತ್ವವನ್ನು 1900ರಲ್ಲಿ ಡಬ್ಲಿನ್ನಿನ ದೂರದರ್ಶಕ ತಯಾರಕ ಹೊವಾರ್ಡ್ ಗ್ರಬ್ ಬಂದೂಕಿನ ಗುರಿಗಾಜಿಗೆ ಅಳವಡಿಸಿದನು. (ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದ 15 ಅಂಗುಲದ ದೂರದರ್ಶಕವೂ ಗ್ರಬ್ ಕಾರ್ಖಾನೆಯದೇ.) ಗುರಿಯ ಗುರುತು ಅನಂತ ದೂರದಲ್ಲಿರುವಂತೆ ಕಾಣುವ ಹಾಗೆ ಮಾಡಿದ್ದು ಅವನ ಜಾಣ್ಮೆ. ಕಣ್ಣು ಹತ್ತಿರದ ಗುರುತಿಗೊಮ್ಮೆ, ದೂರದ ಗುರಿಗೊಮ್ಮೆ ಹೊಂದಿಕೊಳ್ಳುವ ಶ್ರಮ ತಪ್ಪಿತು. ಮುಂದೆ ಯುದ್ಧವಿಮಾನದ ಚಾಲಕನ ಮುಂದಿನ ‘ಹೆಡ್-ಅಪ್ ಡಿಸ್‌ಪ್ಲೇ’ ಬಂದದ್ದು ಇದೇ ವಂಶದಿಂದ. ವೇಗ, ಎತ್ತರ, ದಿಕ್ಕು ಎಲ್ಲವೂ ಎದುರಿನ ಗಾಜಿನಲ್ಲೇ ಮೂಡುವುದರಿಂದ ತಲೆ ತಗ್ಗಿಸಬೇಕಾಗಿಲ್ಲ. ನಮ್ಮ ಬೆಂಗಳೂರಿನಿಂದ 2001ರ ಜನವರಿ 4ರಂದು ಮೊದಲ ಬಾರಿಗೆ ಹಾರಿದ ಹಗುರ ಯುದ್ಧವಿಮಾನ ತೇಜಸ್‌ಗೆ ಬೇಕಾದ ಇಂಥ ಉಪಕರಣವನ್ನು ಚಂಡೀಗಢದ ಕೇಂದ್ರೀಯ ವೈಜ್ಞಾನಿಕ ಉಪಕರಣಗಳ ಸಂಸ್ಥೆ ರೂಪಿಸಿತು.

ಗಣಕಯಂತ್ರವು ಈ ಕಥೆಯೊಳಗೆ ಕಾಲಿಟ್ಟದ್ದು 1968ರಲ್ಲಿ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಐವನ್ ಸದರ್ಲೆಂಡ್, ತನ್ನ ವಿದ್ಯಾರ್ಥಿ ಬಾಬ್ ಸ್ಪ್ರೌಲ್ ಮೊದಲಾದವರ ನೆರವಿನಿಂದ, ತಲೆಗೆ ಕಟ್ಟಿಕೊಳ್ಳುವ ದೃಶ್ಯಯಂತ್ರವೊಂದನ್ನು ಸಿದ್ಧಪಡಿಸಿದನು. ಕಣ್ಣುಗಳ ಮುಂದೆ ಅರೆಗನ್ನಡಿಗಳು, ಚಿತ್ರ ಮೂಡಿಸಲು ಎರಡು ಪುಟ್ಟ ಗಾಜಿನ ನಳಿಗೆಗಳು, ತಲೆ ಎತ್ತ ತಿರುಗಿತೆಂದು ಅಳೆಯಲು ಚಾವಣಿಯಿಂದ ಇಳಿಬಿದ್ದ ಲೋಹದ ತೋಳು. ನೆತ್ತಿಯ ಮೇಲೆ ತೂಗುತ್ತಿದ್ದ ಆ ತೋಳಿಗೆ ಗ್ರೀಕ್ ಕಥೆಯ ‘ಡೆಮೊಕ್ಲಿಸನ ಕತ್ತಿ’ ಎಂಬ ಅಡ್ಡಹೆಸರು ಅಂಟಿಕೊಂಡಿತು. ಇಷ್ಟೆಲ್ಲ ಹೊತ್ತುಕೊಂಡವನಿಗೆ ಕಾಣುತ್ತಿದ್ದುದು ಕೋಣೆಯ ನಡುವೆ ತೇಲುವ ಗೆರೆಗಳ ಒಂದು ಘನಾಕೃತಿ. ಆದರೆ ಅವನು ತಲೆ ಆಡಿಸಿದರೂ ಆ ಆಕೃತಿ ತನ್ನ ಜಾಗದಲ್ಲೇ ನಿಂತಿತ್ತೆಂಬುದು ಮುಖ್ಯ.

ಈಗ ಬೋಯಿಂಗ್ ಕಂಪನಿಗೆ ಬರೋಣ. ಒಂದು 747-400 ವಿಮಾನದೊಳಗೆ ಸುಮಾರು 274 ಕಿಲೋಮೀಟರ್ ಉದ್ದದ ವಿದ್ಯುತ್ ತಂತಿ ಇರುತ್ತದೆ. ಬೆಂಗಳೂರಿನಿಂದ ಶಿವಮೊಗ್ಗೆಗೆ ಹೋಗುವಷ್ಟು ಎನ್ನಬಹುದು. ಇಷ್ಟು ತಂತಿಯನ್ನು ವಿಮಾನದೊಳಗೆ ಕುಳಿತು ಒಂದೊಂದಾಗಿ ಎಳೆಯಲಾಗುವುದಿಲ್ಲ. ಹೊರಗೆ, ಉದ್ದನೆಯ ಪ್ಲೈವುಡ್ ಹಲಗೆಗಳ ಮೇಲೆ, ನಿಜ ಅಳತೆಯ ನಕಾಶೆಯನ್ನು ಅಂಟಿಸಿ ಗೂಟಗಳನ್ನು ನೆಟ್ಟು, ಕಾರ್ಮಿಕನು ಒಂದೊಂದು ತಂತಿಯನ್ನೂ ಅದರ ಸಂಖ್ಯೆ ನೋಡಿ, ಅದರ ದಾರಿಯಲ್ಲಿ ಎಳೆದು, ಕವಲೊಡೆಸಿ, ಕೊನೆಗೆ ಕಟ್ಟು ಕಟ್ಟುತ್ತಾನೆ. ಮಗ್ಗದಲ್ಲಿ ಹಾಸು ಹೂಡುವುದನ್ನು ನೋಡಿದವರಿಗೆ ಈ ಕೆಲಸದ ತಾಳ್ಮೆ ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ. ಕೈ ಹಲಗೆಯ ಮೇಲೆ, ಕಣ್ಣು ಕಾಗದದ ಪಟ್ಟಿಯ ಮೇಲೆ, ಮತ್ತೆ ಹಲಗೆಯ ಮೇಲೆ. ಇದಲ್ಲದೆ ಪ್ರತಿಯೊಂದು ವಿಮಾನ ಸಂಸ್ಥೆಯ ಬೇಡಿಕೆಯೂ ಬೇರೆ ಬೇರೆಯಾದ್ದರಿಂದ ತಂತಿಯ ದಾರಿಗಳೂ ಬೇರೆ, ಹಲಗೆಗಳೂ ಬೇರೆ. ಅವುಗಳನ್ನು ತಯಾರಿಸುವುದು, ತಿದ್ದುವುದು, ಜೋಪಾನವಾಗಿಡುವುದು ತಾನೇ ಒಂದು ಉದ್ಯೋಗವಾಗಿತ್ತು.

1990ರ ಸುಮಾರಿಗೆ ಆ ಕಂಪನಿಯ ಸಂಶೋಧಕರಾದ ಟಾಮ್ ಕಾಡೆಲ್ ಮತ್ತು ಡೇವಿಡ್ ಮೈಜೆಲ್ ಅವರಿಗೆ ಈ ಹಲಗೆಗಳ ಕಾಟಕ್ಕೆ ಪರ್ಯಾಯ ಹುಡುಕುವ ಕೆಲಸ ಬಂದಿತು. ಅವರ ಯೋಚನೆ ಸರಳ: ಹಲಗೆ ಬರಿದಾಗಿರಲಿ, ಎಲ್ಲ ವಿಮಾನಗಳಿಗೂ ಅದೊಂದೇ ಸಾಕು. ನಕಾಶೆ ಕಾರ್ಮಿಕನ ಕಣ್ಣಿನ ಮುಂದಿನ ಗಾಜಿನಲ್ಲಿರಲಿ. ಯಾವ ತಂತಿಯ ಸರದಿಯೋ ಆ ತಂತಿಯ ದಾರಿ ಬರಿ ಹಲಗೆಯ ಮೇಲೆ ಗೆರೆಯಾಗಿ ಕಾಣಲಿ. 1992ರ ಜನವರಿಯಲ್ಲಿ ಹವಾಯಿಯ ಸಮ್ಮೇಳನವೊಂದರಲ್ಲಿ ಅವರು ಮಂಡಿಸಿದ ಪ್ರಬಂಧದಿಂದ ‘ಆಗ್ಮೆಂಟೆಡ್ ರಿಯಾಲಿಟಿ’ ಎಂಬ ಹೆಸರು ವಿದ್ವಾಂಸರ ನಡುವೆ ನೆಲೆನಿಂತಿತು. ಇಡೀ ಲೋಕವನ್ನೇ ಗಣಕದಲ್ಲಿ ಸೃಷ್ಟಿಸುವ ‘ವರ್ಚುವಲ್ ರಿಯಾಲಿಟಿ’ಗಿಂತ ತಮ್ಮದು ಹಗುರವಾದ ಕೆಲಸ, ಏಕೆಂದರೆ ಲೋಕ ಹೇಗೂ ಎದುರಿಗೇ ಇದೆ, ತಾವು ನಾಲ್ಕು ಗೆರೆ ಎಳೆದರಾಯಿತು ಎಂಬುದು ಅವರ ವಾದ. ಆದರೆ ಆ ನಾಲ್ಕು ಗೆರೆಗಳು ಕರಾರುವಾಕ್ಕಾಗಿ ಕೂರಬೇಕು. ಕಲ್ಪನಾಲೋಕದಲ್ಲಿ ಗೋಡೆ ಅರ್ಧ ಅಂಗುಲ ಜರುಗಿದರೆ ಯಾರಿಗೂ ತಿಳಿಯದು, ತಂತಿಯ ದಾರಿ ಅರ್ಧ ಅಂಗುಲ ಜರುಗಿದರೆ ಪಕ್ಕದ ತಂತಿಯ ದಾರಿಯಾಗಿಬಿಡುತ್ತದೆ.

1990ರ ದಶಕದ ಕೊನೆಯಲ್ಲಿ ಎವರೆಟ್ ನಗರದ ಕಾರ್ಖಾನೆಯಲ್ಲಿ ನಿಜವಾದ ಕಾರ್ಮಿಕರ ತಲೆಗೆ ಇದನ್ನು ಕಟ್ಟಿ ನೋಡಿದರು. ತಂತಿಯ ಕಟ್ಟುಗಳೇನೋ ಸರಿಯಾಗಿಯೇ ಬಂದವು. ಆದರೆ ಸಮಯದ ಉಳಿತಾಯ ಹೇಳಿಕೊಳ್ಳುವಷ್ಟು ಇರಲಿಲ್ಲ. ಜೊತೆಗೆ, ಅಷ್ಟೊಂದು ಯಂತ್ರ ಹೊತ್ತು ಸಹೋದ್ಯೋಗಿಗಳ ನಡುವೆ ನಿಲ್ಲಲು ಕೆಲಸಗಾರರಿಗೆ ಮುಜುಗರ. ಇದನ್ನು ಓದಿದಾಗ ನನಗೆ ನಗು ಬಂದಿತು. ಎಂಟನೆಯ ತರಗತಿಯಲ್ಲಿ ಮೊದಲ ಬಾರಿಗೆ ಕನ್ನಡಕ ಹಾಕಿಕೊಂಡು ಬಂದ ಹುಡುಗರ ಮುಖ ನನಗೆ ಚೆನ್ನಾಗಿ ನೆನಪಿದೆ. ಅವರಲ್ಲಿ ಕೆಲವರು ಈ ಬರಹ ಓದುತ್ತಿರಬಹುದು.

ಅದೇ ಕಾಲದಲ್ಲಿ ಬೇರೆಡೆಯೂ ಪ್ರಯತ್ನಗಳು ನಡೆದಿದ್ದವು. 1993ರಲ್ಲಿ ಕೊಲಂಬಿಯ ವಿಶ್ವವಿದ್ಯಾಲಯದ ಸ್ಟೀವನ್ ಫೈನರ್ ಮತ್ತು ಸಂಗಡಿಗರು ಕಚೇರಿಯ ಲೇಸರ್ ಪ್ರಿಂಟರನ್ನು ಆರಿಸಿಕೊಂಡು, ಮುಚ್ಚಳ ಎಲ್ಲಿ ಎತ್ತಬೇಕು, ಕಾಗದದ ತಟ್ಟೆ ಹೇಗೆ ಎಳೆಯಬೇಕು ಎಂಬುದನ್ನು ಯಂತ್ರದ ಮೇಲೆಯೇ ಗೆರೆಗಳಲ್ಲಿ ತೋರಿಸಿದರು. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡು ಪರದಾಡಿದ ಯಾರಿಗಾದರೂ ಈ ಸಂಶೋಧನೆಯ ಮೇಲೆ ಗೌರವ ಮೂಡದಿರದು.

ಮುಂದಿನ ಹದಿನೈದು ವರ್ಷ ಹೆಚ್ಚಿನ ಸದ್ದಿಲ್ಲ. ಗೂಗಲ್ ಕಂಪನಿಯು 2013ರಲ್ಲಿ 1,500 ಡಾಲರ್ ಬೆಲೆಯ ‘ಗ್ಲಾಸ್’ ಎಂಬ ಕನ್ನಡಕವನ್ನು ಆಯ್ದ ಕೆಲವರಿಗೆ ಕೊಟ್ಟಿತು. ಕಟ್ಟುನಿಟ್ಟಾಗಿ ನೋಡಿದರೆ ಅದು ವರ್ಧಿತ ವಾಸ್ತವವೇ ಅಲ್ಲ. ಚಿತ್ರವು ವಸ್ತುವಿನ ಮೇಲೆ ಕೂರದೆ ಕಣ್ಣಿನ ಮೂಲೆಯಲ್ಲಿ ನಿಲ್ಲುತ್ತಿತ್ತು. ಅದರಲ್ಲಿದ್ದ ಕ್ಯಾಮೆರಾ ಕಂಡು ಜನ ಸಿಡಿಮಿಡಿಗೊಂಡರು, ಕೆಲವು ಹೋಟೆಲುಗಳು ಒಳಗೆ ಬಿಡಲಿಲ್ಲ. 2015ರ ಜನವರಿಯಲ್ಲಿ ಸಾರ್ವಜನಿಕ ಮಾರಾಟ ನಿಂತಿತು. ಬೀದಿಯಲ್ಲಿ ಸೋತ ಈ ಕನ್ನಡಕ ಆಶ್ರಯ ಪಡೆದದ್ದು ಮತ್ತೆ ಕಾರ್ಖಾನೆಯಲ್ಲಿ, ಉಗ್ರಾಣದಲ್ಲಿ. ಡಿಎಚ್‌ಎಲ್ ಕಂಪನಿ ನೆದರ್ಲೆಂಡ್ಸ್‌ನ ಉಗ್ರಾಣವೊಂದರಲ್ಲಿ ಮೂರು ವಾರ ಪರೀಕ್ಷಿಸಿ, ಸರಕು ಆರಿಸುವ ಕೆಲಸ ಶೇಕಡಾ 25ರಷ್ಟು ಚುರುಕಾಯಿತೆಂದು 2015ರಲ್ಲಿ ಪ್ರಕಟಿಸಿತು. ಬೋಯಿಂಗ್ ಕೂಡ ತನ್ನ ಹಳೆಯ ತಂತಿಯ ಸಮಸ್ಯೆಗೆ ಗ್ಲಾಸನ್ನು ಬಳಸಿ, ಕಾಲು ಭಾಗ ಸಮಯ ಉಳಿಯಿತೆಂದು ಹೇಳಿಕೊಂಡಿತು. ಇವೆಲ್ಲ ಕಂಪನಿಗಳೇ ಕೊಟ್ಟ ಲೆಕ್ಕಗಳೆಂಬುದನ್ನು ಮರೆಯಬಾರದು.

ಇಲ್ಲಿ ನನಗೊಂದು ಪ್ರಶ್ನೆ ಏಳುತ್ತದೆ. ಹೋಟೆಲಿನಲ್ಲಿ ಕುಳಿತ ಗಿರಾಕಿ ‘ಆ ಕ್ಯಾಮೆರಾ ನನ್ನ ಮುಂದೆ ಬೇಡ’ ಎಂದನು, ಅವನ ಮಾತು ನಡೆಯಿತು. ಸಂಬಳಕ್ಕೆ ದುಡಿಯುವವನು ಹಾಗೆ ಹೇಳಬಲ್ಲನೇ? ಅವನು ಯಾವ ಪೆಟ್ಟಿಗೆಯ ಮುಂದೆ ಎಷ್ಟು ಸೆಕೆಂಡು ನಿಂತನೆಂಬುದು ದಾರಿ ತೋರಿಸುವ ಕನ್ನಡಕಕ್ಕೇ ಗೊತ್ತಾಗುತ್ತದೆ. 1911ರಲ್ಲಿ ಫ್ರೆಡರಿಕ್ ಟೇಲರ್ ‘ವೈಜ್ಞಾನಿಕ ನಿರ್ವಹಣೆ’ಯ ತತ್ತ್ವಗಳನ್ನು ಬರೆದಾಗ ಗಡಿಯಾರ ಹಿಡಿದ ಮೇಲ್ವಿಚಾರಕನೊಬ್ಬನು ಕಾರ್ಮಿಕನ ಪಕ್ಕ ನಿಂತಿರಬೇಕಾಗಿತ್ತು. ಯೋಚಿಸುವುದು ಕಚೇರಿಯ ಕೆಲಸ, ಹೇಳಿದಂತೆ ಮಾಡುವುದು ಕೈಯ ಕೆಲಸ ಎಂಬುದು ಟೇಲರನ ಪಂಥ. ಆ ಗಡಿಯಾರವೂ ಕಚೇರಿಯೂ ಈಗ ಕಾರ್ಮಿಕನ ಮೂಗಿನ ಮೇಲೆಯೇ ಕುಳಿತುಕೊಳ್ಳಬಲ್ಲವು.

ಇನ್ನೊಂದು ಮಾತು ಮೇಷ್ಟರಾಗಿ ಹೇಳುವಂಥದು. ಕಾಪಿ ಪುಸ್ತಕದ ಮೇಲ್ಪಂಕ್ತಿಯನ್ನು ನೋಡಿ ಬರೆದ ಮಗು ಒಂದು ದಿನ ಅದಿಲ್ಲದೆ ಬರೆಯುತ್ತದೆ. ಅದಕ್ಕಾಗಿಯೇ ಮೇಲ್ಪಂಕ್ತಿ ಇರುವುದು. ಗೆರೆ ಎಂದೂ ಮಾಯವಾಗದಿದ್ದರೆ ತಂತಿ ಕಟ್ಟುವವನಿಗೆ ಹತ್ತು ವರ್ಷದ ಮೇಲೂ ದಾರಿ ಕರಗತವಾಗಿರುತ್ತದೆಯೆ? ಹಾಗೆಂದು ನಾನು ಈ ಯಂತ್ರದ ವಿರೋಧಿಯಲ್ಲ. ದೂರದಲ್ಲಿರುವ ಅನುಭವಿ ತಂತ್ರಜ್ಞನು ಹೊಸಬನ ಕಣ್ಣಿಗೆ ಕಂಡದ್ದನ್ನೇ ಕಂಡು, ‘ಈ ತಿರುಪು, ಆಚೆಯದಲ್ಲ’ ಎಂದು ಗುರುತು ಹಾಕಿ ತೋರಿಸುವುದು ಗುರುಶಿಷ್ಯ ಸಂಬಂಧದ ಇನ್ನೊಂದು ರೂಪವೇ ಸರಿ. ಮೈಕ್ರೋಸಾಫ್ಟ್ ಕಂಪನಿಯ ‘ಹೊಲೊಲೆನ್ಸ್’ ಯಂತ್ರವನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಳಿಸಲು ನಾಸಾ ಮುಂದಾದದ್ದು ಇದೇ ಉದ್ದೇಶದಿಂದ. 2015ರ ಜೂನ್ 28ರಂದು ಹೊತ್ತೊಯ್ಯುತ್ತಿದ್ದ ರಾಕೆಟ್ಟೇ ಸ್ಫೋಟಿಸಿ ಮೊದಲ ಕಂತು ನಷ್ಟವಾಯಿತು. ಎರಡನೆಯದು ತಲುಪಿ, 2016ರಲ್ಲಿ ಗಗನಯಾತ್ರಿ ಸ್ಕಾಟ್ ಕೆಲ್ಲಿ ಅದನ್ನು ಧರಿಸಿ ನೋಡಿದನು.

ಆದರೆ ವ್ಯಾಪಾರದ ಲೆಕ್ಕ ಬೇರೆ. ಗೂಗಲ್ ತನ್ನ ಕಾರ್ಖಾನೆ ಕನ್ನಡಕದ ಮಾರಾಟವನ್ನು 2023ರ ಮಾರ್ಚಿನಲ್ಲಿ ನಿಲ್ಲಿಸಿತು. 2019ರಲ್ಲಿ 3,500 ಡಾಲರಿಗೆ ಬಂದ ಹೊಲೊಲೆನ್ಸ್ 2ರ ತಯಾರಿಕೆ 2024ರಲ್ಲಿ ಕೊನೆಗೊಂಡಿತು. ಇವುಗಳ ಮೇಲೆ ತಮ್ಮ ಕೆಲಸದ ಕ್ರಮವನ್ನೇ ಕಟ್ಟಿಕೊಂಡವರು ಬೇರೆ ಯಂತ್ರ ಹುಡುಕಬೇಕಾಯಿತು. ಪ್ಲೈವುಡ್ ಹಲಗೆಯಾದರೂ ಹಾಗೆ ಕೈಕೊಡುತ್ತಿರಲಿಲ್ಲ.

ಸದ್ದಿಲ್ಲದೆ ಬಳಕೆಗೆ ಬಂದ ಒಂದು ಬಗೆಯನ್ನು ಹೇಳಿ ಮುಗಿಸುತ್ತೇನೆ. ಇದಕ್ಕೆ ಕನ್ನಡಕವೇ ಬೇಡ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರವೊಂದು ರೋಗಿಯ ತೋಳಿನ ಮೇಲೆ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಬೀರುತ್ತದೆ. ರಕ್ತದ ಹಿಮೊಗ್ಲೋಬಿನ್ ಆ ಬೆಳಕನ್ನು ಹೀರಿಕೊಳ್ಳುವುದರಿಂದ ನರ ಎಲ್ಲಿದೆಯೆಂದು ತಿಳಿದು, ಅದರ ನಕಾಶೆಯನ್ನು ಯಂತ್ರವು ಚರ್ಮದ ಮೇಲೆಯೇ ಬೆಳಕಿನಲ್ಲಿ ಬರೆಯುತ್ತದೆ. ಸೂಜಿ ಹಿಡಿದ ದಾದಿಯು ಬೇರೆಲ್ಲಿಯೂ ನೋಡಬೇಕಾಗಿಲ್ಲ. ಸೂಜಿ ಚುಚ್ಚುವುದು ಮಾತ್ರ ಅವಳ ಕೈಯೇ. ನನ್ನ ವಯಸ್ಸಿನವರ ಬತ್ತಿದ ನರಗಳನ್ನು ಹುಡುಕಿ ಸೋಲುವ ದಾದಿಯರನ್ನು ಕಂಡವರಿಗೆ ಇದರ ಬೆಲೆ ಗೊತ್ತು. ನನ್ನ ವಿದ್ಯಾರ್ಥಿನಿಯರಲ್ಲಿ ಆಸ್ಪತ್ರೆಗಳಲ್ಲಿ ಸೇವೆಯಲ್ಲಿರುವವರು ಹಲವರಿದ್ದೀರಿ. ನಿಮ್ಮಲ್ಲಿ ಯಾರಾದರೂ ಇದನ್ನು ಬಳಸಿದ್ದರೆ, ಅದಿಲ್ಲದ ದಿನ ನರ ಹುಡುಕುವುದು ಮೊದಲಿನಷ್ಟೇ ಸುಲಭವಾಗಿದೆಯೋ ಇಲ್ಲವೋ ಎಂಬುದನ್ನು ಬರೆದು ತಿಳಿಸಿ.