ಆಟದ ನೀರುಗಂಟಿ

ಕೆರೆ ಕಟ್ಟಿಸಿದವರ ಹೆಸರನ್ನು ನಮ್ಮ ಹಿರಿಯರು ಕಲ್ಲಿನಲ್ಲಿ ಕೆತ್ತಿಸಿದರು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಮೇಲೆ ಕದಂಬ ಕಾಕುಸ್ಥವರ್ಮನು ಕೆರೆ ಕಟ್ಟಿಸಿದ ಸಂಗತಿಯಿದೆ. ಶಾಸನವನ್ನು ರಚಿಸಿದ ಕುಬ್ಜ ಕವಿಯ ಹೆಸರೂ ಇದೆ. ಆದರೆ ಕೆರೆ ತುಂಬಿದ ಮೇಲೆ ತೂಬಿನ ಬಳಿ ನಿಂತು, ಮೇಲಿನ ಗದ್ದೆಗೆ ಇಷ್ಟು, ಕೆಳಗಿನ ಗದ್ದೆಗೆ ಇಷ್ಟು ಎಂದು ವರ್ಷ ವರ್ಷವೂ ನೀರು ಹಂಚುವ ನೀರುಗಂಟಿಯ ಹೆಸರನ್ನು ಯಾರೂ ಕೆತ್ತಿಸುವುದಿಲ್ಲ. ಅವನು ಹಂಚುವ ನೀರು ಅವನದಲ್ಲ. ಎಲ್ಲರ ಬೈಗುಳವೂ ಅವನಿಗೇ ಸಲ್ಲುತ್ತದೆ. ಅವನು ಒಂದು ದಿನ ಪಕ್ಷಪಾತ ಮಾಡಿದನೆಂದರೆ ಊರು ಎರಡಾಗುತ್ತದೆ.

ಆಟದ ಲೋಕದಲ್ಲಿಯೂ ಇಂಥ ನೀರುಗಂಟಿಗಳುಂಟು. ಜಿ. ಆರ್. ವಿಶ್ವನಾಥ್ ಅವರು ೧೯೪೯ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದರೆಂಬುದನ್ನು ನಮ್ಮ ಜಿಲ್ಲೆಯವರು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅವರು ೧೯೬೯ರಲ್ಲಿ ಕಾನ್ಪುರದ ತಮ್ಮ ಮೊದಲ ಟೆಸ್ಟ್ ಪಂದ್ಯದಲ್ಲಿ ಸೊನ್ನೆಗೆ ಔಟಾಗಿ, ಎರಡನೆಯ ಸರದಿಯಲ್ಲಿ ೧೩೭ ಹೊಡೆದದ್ದನ್ನು ಇಂದಿಗೂ ಸವಿಯುವವರಿದ್ದಾರೆ. ಆದರೆ ಆಟಗಾರನಿಗೆ ಮೈದಾನ ಒದಗಿಸಿದವರು, ತಂಡಗಳ ತಕರಾರು ತೀರಿಸಿದವರು, ವೇಳಾಪಟ್ಟಿ ಹಾಕಿದವರು ಯಾರೆಂದು ಕೇಳಿದರೆ ನಾವು ಸುಮ್ಮನಾಗುತ್ತೇವೆ. ಸ್ಕೋರು ಪುಸ್ತಕದಲ್ಲಿ ಅವರಿಗಾಗಿ ಒಂದು ಅಂಕಣವೂ ಇಲ್ಲ. ಅಂಥವರೊಬ್ಬರ, ಮಂಡ್ಯದ ವಕೀಲರಾದ ಎಂ. ಚಿನ್ನಸ್ವಾಮಿಯವರ ಬಾಳನ್ನು ನೆನೆದು ಅದರಿಂದ ನಾವು ಕಲಿಯಬೇಕಾದುದೇನೆಂದು ನೋಡುವುದು ಈ ಬರಹದ ಉದ್ದೇಶ.

ಇಂಥ ಹುದ್ದೆಯ ಅಗತ್ಯ ಏಕೆ ಬಂದಿತೆಂಬುದನ್ನು ತಿಳಿಯಲು ಅಮೆರಿಕದ ಕಾಲೇಜುಗಳ ಕಡೆ ಒಮ್ಮೆ ನೋಡುವುದು ಒಳ್ಳೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿನ ಕಾಲೇಜು ಫುಟ್‌ಬಾಲಿನಲ್ಲಿ ಗೆಲ್ಲುವ ಹುಚ್ಚು ಎಷ್ಟು ಬೆಳೆದಿತ್ತೆಂದರೆ, ವಿದ್ಯಾರ್ಥಿಗಳೇ ಅಲ್ಲದವರನ್ನು ತಂಡಕ್ಕೆ ಸೇರಿಸಿಕೊಳ್ಳುವುದು ರೂಢಿಯಾಗಿತ್ತು. ೧೮೯೫ರ ಜನವರಿಯಲ್ಲಿ ಏಳು ವಿಶ್ವವಿದ್ಯಾನಿಲಯಗಳ ಮುಖ್ಯಸ್ಥರು ಷಿಕಾಗೋ ನಗರದಲ್ಲಿ ಸಭೆ ಸೇರಿ, ನಿಜವಾದ ವಿದ್ಯಾರ್ಥಿಯಲ್ಲದವನು ಆಡಕೂಡದೆಂಬ ಕಟ್ಟುಪಾಡಿಗೆ ಅಡಿಪಾಯ ಹಾಕಿದರು. ಅದರಿಂದ ಬೆಳೆದ ಒಕ್ಕೂಟವೇ ಮುಂದೆ ‘ಬಿಗ್ ಟೆನ್’ ಎಂದು ಹೆಸರಾಯಿತು. ಕಟ್ಟುಪಾಡು ಮಾಡುವುದು ಸುಲಭ. ಅದನ್ನು ಪಾಲಿಸುವಂತೆ ನೋಡಿಕೊಳ್ಳುವವರು ಯಾರು? ಸ್ಪರ್ಧಿಸುವ ಕಾಲೇಜುಗಳಲ್ಲಿ ಯಾವೊಂದಕ್ಕೂ ಸೇರದ ಒಬ್ಬ ಅಧಿಕಾರಿ ಬೇಕಾಯಿತು. ೧೯೨೨ರಲ್ಲಿ ಮೇಜರ್ ಜಾನ್ ಗ್ರಿಫಿತ್ ಎಂಬವರು ಆ ಒಕ್ಕೂಟದ ಮೊದಲ ಕಮಿಷನರ್ ಆದರು. ೧೯೪೪ರಲ್ಲಿ ತೀರಿಕೊಳ್ಳುವವರೆಗೂ ಆ ಹುದ್ದೆಯಲ್ಲಿದ್ದರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಕಾಲೇಜುಗಳು ಒಟ್ಟಾಗಿ ಒಬ್ಬ ನೀರುಗಂಟಿಯನ್ನು ನೇಮಿಸಿಕೊಂಡವು.

ನಮ್ಮ ದೇಶದಲ್ಲಿ ಆ ಹೆಸರಿನ ಹುದ್ದೆ ಬೇರೂರಲಿಲ್ಲ. ಆದರೆ ಕೆಲಸವೇನೂ ಕಡಮೆಯಿರಲಿಲ್ಲ. ವಿಶ್ವವಿದ್ಯಾನಿಲಯಗಳ ನಡುವಣ ರೋಹಿಂಟನ್ ಬಾರಿಯಾ ಕ್ರಿಕೆಟ್ ಪಂದ್ಯಾವಳಿ ೧೯೩೫ರಲ್ಲಿ ಆರಂಭವಾಯಿತು. ಇಂಥ ಪಂದ್ಯಗಳ ಹಿಂದಿನ ದುಡಿಮೆಯನ್ನು ಕಾಲೇಜಿನ ಅಧ್ಯಾಪಕನಾಗಿ ನಾನು ಹತ್ತಿರದಿಂದ ಕಂಡಿದ್ದೇನೆ. ಅಂತರಕಾಲೇಜು ಪಂದ್ಯಗಳು ಬಂದುವೆಂದರೆ ದೈಹಿಕ ಶಿಕ್ಷಣದ ನಿರ್ದೇಶಕರ ಕೈಯಲ್ಲಿ ಚೆಂಡಿಗಿಂತ ಕಾಗದವೇ ಹೆಚ್ಚು: ಪ್ರವೇಶದ ದಾಖಲೆ, ಹುಟ್ಟಿದ ದಿನಾಂಕದ ದಾಖಲೆ, ಪ್ರಾಂಶುಪಾಲರ ಸಹಿ, ಮೊಹರು. ಹುಡುಗರಿಗೆ ಇವೆಲ್ಲ ಬೇಸರದ ವಿಷಯ. ಆದರೆ ಎದುರಾಳಿ ತಂಡದಲ್ಲಿ ಹೊರಗಿನವನೊಬ್ಬ ಆಡುತ್ತಿದ್ದಾನೆಂಬ ಸಂಶಯ ಬಂದ ಗಳಿಗೆಯಲ್ಲಿ ಇದೇ ಹುಡುಗರು ಆ ಕಾಗದಗಳಿಗಾಗಿ ಓಡಿಬರುತ್ತಾರೆ.

ಚಿನ್ನಸ್ವಾಮಿಯವರು ಹುಟ್ಟಿದ್ದು ೧೯೦೦ರ ಮಾರ್ಚ್ ೨೯ರಂದು. ೧೯೩೩ರಲ್ಲಿ ಸ್ಥಾಪನೆಯಾಗಿದ್ದ ಮೈಸೂರು ಸಂಸ್ಥಾನದ ಕ್ರಿಕೆಟ್ ಸಂಸ್ಥೆಯಲ್ಲಿ ಅವರು ೧೯೫೩ರಿಂದ ೧೯೯೦ರವರೆಗೆ ನಾನಾ ಹೊಣೆಗಳನ್ನು ಹೊತ್ತರು. ಆ ಸಂಸ್ಥೆಯ ಪೂರ್ವಚರಿತ್ರೆ ಹೆಮ್ಮೆಪಡುವಂಥದೇನೂ ಆಗಿರಲಿಲ್ಲ. ೧೯೩೪ರ ನವೆಂಬರ್ ೪ರಂದು ಮದರಾಸಿನಲ್ಲಿ ನಡೆದ ರಣಜಿ ಟ್ರೋಫಿಯ ಮೊತ್ತಮೊದಲ ಪಂದ್ಯದಲ್ಲಿ ಮೈಸೂರು ತಂಡ ೪೮ ಮತ್ತು ೫೯ ಓಟಗಳಿಗೆ ಕುಸಿದು, ಒಂದೇ ದಿನದಲ್ಲಿ ಸೋತು ಮನೆಗೆ ಬಂದಿತು. ಅನಂತರ ೧೯೪೧-೪೨ರಲ್ಲಿ ಒಮ್ಮೆ, ೧೯೫೯-೬೦ರಲ್ಲಿ ಇನ್ನೊಮ್ಮೆ ಅಂತಿಮ ಪಂದ್ಯದವರೆಗೆ ಹೋಗಿ, ಎರಡು ಸಲವೂ ಮುಂಬಯಿಗೆ ಶರಣಾಯಿತು.

ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೊಂದಿತ್ತು. ಸಂಸ್ಥೆಗೆ ತನ್ನದೆಂಬ ಮೈದಾನವಿರಲಿಲ್ಲ. ದೊಡ್ಡ ಪಂದ್ಯಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಬಯಲಿನಲ್ಲಿ ನಡೆಯುತ್ತಿದ್ದವು. ಕಾಲೇಜೊಂದು ನಾಡಿನ ಕ್ರಿಕೆಟ್ಟಿಗೆ ಮನೆ ಕೊಟ್ಟದ್ದು ಆ ಕಾಲೇಜಿನ ದೊಡ್ಡತನ. ಆದರೂ ಬಾಡಿಗೆಯ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯಲು ಹಿಂದೆಮುಂದೆ ನೋಡಬೇಕು. ಸ್ವಂತ ಮೈದಾನವಿಲ್ಲದ ಸಂಸ್ಥೆಯ ಪಾಡೇನೆಂಬುದಕ್ಕೆ ಮುಂಬಯಿಯೇ ಸಾಕ್ಷಿ. ಅಲ್ಲಿನ ಬ್ರೇಬೋರ್ನ್ ಮೈದಾನ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಸೊತ್ತು. ಪ್ರೇಕ್ಷಕರ ಆಸನಗಳನ್ನು ಹಂಚಿಕೊಳ್ಳುವ ವಿಷಯದಲ್ಲಿ ಆ ಕ್ಲಬ್ಬಿಗೂ ಮುಂಬಯಿ ಕ್ರಿಕೆಟ್ ಸಂಸ್ಥೆಗೂ ವ್ಯಾಜ್ಯ ಬೆಳೆದು, ಕೊನೆಗೆ ಸಂಸ್ಥೆ ಸ್ವಲ್ಪ ದೂರದಲ್ಲಿಯೇ ವಾಂಖೆಡೆ ಕ್ರೀಡಾಂಗಣವನ್ನು ಕಟ್ಟಬೇಕಾಯಿತು.

ಬೆಂಗಳೂರಿನಲ್ಲಿ ಈ ಹಾದಿಯನ್ನು ಜಗಳವಿಲ್ಲದೆ ತುಳಿಯಲಾಯಿತು. ಸರ್ಕಾರದ ನೆರವು ದೊರೆತು ೧೯೭೦ರಲ್ಲಿ ಕಟ್ಟಡದ ಕೆಲಸ ಆರಂಭವಾಯಿತು. ೧೯೭೨-೭೩ರ ಹೊತ್ತಿಗೆ ಅಲ್ಲಿ ಪ್ರಥಮ ದರ್ಜೆಯ ಪಂದ್ಯಗಳು ನಡೆದವು. ೧೯೭೩ರ ನವೆಂಬರ್ ಒಂದರಂದು ನಾಡಿಗೆ ಕರ್ನಾಟಕವೆಂಬ ಹೆಸರು ಬಂದಿತು. ಸಂಸ್ಥೆಯೂ ತಂಡವೂ ಆ ಹೆಸರನ್ನೇ ತಳೆದವು. ಆ ಹೆಸರಿನ ಮೊದಲ ಸಾಲಿನಲ್ಲಿಯೇ, ೧೯೭೪ರ ಮಾರ್ಚಿಯಲ್ಲಿ, ಹದಿನೈದು ವರ್ಷ ಬಿಡದೆ ರಣಜಿ ಟ್ರೋಫಿಯನ್ನು ಗೆದ್ದಿದ್ದ ಮುಂಬಯಿಯನ್ನು ನಮ್ಮವರು ಈ ಹೊಸ ಮೈದಾನದಲ್ಲಿ ಸೆಮಿಫೈನಲಿನಲ್ಲಿ ಹಿಂದೆ ಹಾಕಿದರು. ಭದ್ರಾವತಿಯ ವಿಶ್ವನಾಥ್ ೧೬೨, ಬ್ರಿಜೇಶ್ ಪಟೇಲ್ ೧೦೬. ಆ ಬಳಿಕ ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ, ಎರಪಳ್ಳಿ ಪ್ರಸನ್ನರ ನಾಯಕತ್ವದ ತಂಡ ಟ್ರೋಫಿಯನ್ನು ಮೊದಲ ಬಾರಿಗೆ ನಾಡಿಗೆ ತಂದಿತು. ಅದೇ ವರ್ಷದ ನವೆಂಬರ್ ೨೨ರಂದು ವೆಸ್ಟ್ ಇಂಡೀಸ್ ವಿರುದ್ಧ ಬೆಂಗಳೂರಿನ ಮೊದಲ ಟೆಸ್ಟ್ ಆರಂಭವಾಯಿತು. ಗಾರ್ಡನ್ ಗ್ರೀನಿಜ್, ವಿವಿಯನ್ ರಿಚರ್ಡ್ಸ್ ಇಬ್ಬರೂ ಟೆಸ್ಟ್ ಕ್ರಿಕೆಟ್ಟಿಗೆ ಕಾಲಿಟ್ಟದ್ದು ಆ ಪಂದ್ಯದಲ್ಲಿ. ಭಾರತ ೨೬೭ ಓಟಗಳಿಂದ ಸೋತಿತು, ಮೈದಾನ ಗೆದ್ದಿತು. ಆ ಕ್ರೀಡಾಂಗಣಕ್ಕೆ ಮುಂದೆ ಚಿನ್ನಸ್ವಾಮಿಯವರ ಹೆಸರನ್ನೇ ಇಡಲಾಯಿತು.

ಅವರ ದುಡಿಮೆ ನಾಡಿನ ಎಲ್ಲೆಯಲ್ಲಿ ನಿಲ್ಲಲಿಲ್ಲ. ೧೯೬೦ರಿಂದ ೧೯೬೫ರವರೆಗೆ ಅವರು ಭಾರತೀಯ ಕ್ರಿಕೆಟ್ ಮಂಡಳಿಯ ಕಾರ್ಯದರ್ಶಿಗಳು. ೧೯೬೨ರಲ್ಲಿ ಬಾರ್ಬಡೋಸಿನಲ್ಲಿ ನಾಯಕ ನಾರಿ ಕಾಂಟ್ರಾಕ್ಟರರ ತಲೆಗೆ ಚೆಂಡು ಬಡಿದು ಪ್ರಾಣಕ್ಕೇ ಅಪಾಯವಾದುದೂ, ಇಪ್ಪತ್ತೊಂದರ ತರುಣ ಪಟೌಡಿಯವರು ನಾಯಕರಾದುದೂ ಆ ವರ್ಷಗಳಲ್ಲಿಯೇ. ೧೯೭೭ರಿಂದ ೧೯೮೦ರವರೆಗೆ ಅವರು ಮಂಡಳಿಯ ಅಧ್ಯಕ್ಷರಾಗಿದ್ದರು. ಆಸ್ಟ್ರೇಲಿಯದ ಪತ್ರಿಕೋದ್ಯಮಿ ಕೆರಿ ಪ್ಯಾಕರ್ ಹಣದ ಬಲದಿಂದ ಆಟಗಾರರನ್ನು ಸೆಳೆದು ಬೇರೆಯೇ ಪಂದ್ಯಾವಳಿ ನಡೆಸಿದ ಕಾಲ ಅದು. ಹದಿನೇಳು ವರ್ಷ ನಿಂತುಹೋಗಿದ್ದ ಭಾರತ-ಪಾಕಿಸ್ತಾನ ಪಂದ್ಯಗಳು ೧೯೭೮ರಲ್ಲಿ ಮತ್ತೆ ನಡೆದುದೂ ಆಗಲೇ.

ಅಧ್ಯಕ್ಷಗಿರಿಯ ಕೊನೆಯ ದಿನಗಳಲ್ಲಿ, ೧೯೮೦ರ ಫೆಬ್ರವರಿಯಲ್ಲಿ, ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್ ಪಂದ್ಯ ಮುಂಬಯಿಯಲ್ಲಿ ನಡೆಯಿತು. ಮಂಡಳಿಯ ತಲೆಯಾಳು ಮಂಡ್ಯದವರು. ತಂಡದ ನಾಯಕರು ಭದ್ರಾವತಿಯಲ್ಲಿ ಹುಟ್ಟಿದ ವಿಶ್ವನಾಥ್. ಇಂಗ್ಲೆಂಡಿನ ಬಾಬ್ ಟೇಲರ್ ಔಟೆಂದು ಅಂಪೈರ್ ಬೆರಳೆತ್ತಿದಾಗ, ಚೆಂಡು ಬ್ಯಾಟಿಗೆ ತಗುಲಿಲ್ಲವೆಂದು ನಂಬಿದ ವಿಶ್ವನಾಥ್ ಅವರನ್ನು ಹಿಂದಕ್ಕೆ ಕರೆಸಿದರು. ಟೇಲರ್ ನಿಂತು ಆಡಿದರು, ಭಾರತ ಸೋತಿತು. ಆ ಔದಾರ್ಯಕ್ಕೆ ಲೋಕ ಇಂದಿಗೂ ತಲೆದೂಗುತ್ತದೆ, ತಲೆದೂಗುವುದು ನ್ಯಾಯವೇ.

ಆದರೆ ಈ ಘಟನೆಯಲ್ಲಿ ಆಡುವವನಿಗೂ ಆಡಿಸುವವನಿಗೂ ಇರುವ ಅಂತರ ನನಗೆ ಕಾಣುತ್ತದೆ. ನಾಯಕನು ತನ್ನ ಗೆಲುವಿನ ಅವಕಾಶವನ್ನು ತಾನೇ ಬಿಟ್ಟುಕೊಟ್ಟು ದೊಡ್ಡವನಾಗಬಹುದು. ಆಡಳಿತಗಾರನಿಗೆ ಆ ಸ್ವಾತಂತ್ರ್ಯವಿಲ್ಲ. ಅವನು ಒಂದು ತಂಡಕ್ಕೆ ಔದಾರ್ಯ ತೋರಿದರೆ ಅದು ಇನ್ನೊಂದು ತಂಡದ ಪಾಲಿನಿಂದ ತೆಗೆದದ್ದಾಗುತ್ತದೆ. ಅವನ ಗುಣ ಔದಾರ್ಯವಲ್ಲ, ನ್ಯಾಯ. ಅವನಿಗೆ ಬೇಕಾದುದು ಮಿಂಚಲ್ಲ, ತಾಳ್ಮೆ. ೧೯೫೩ರಲ್ಲಿ ಹೊಣೆ ಹೊತ್ತವರು ಟೆಸ್ಟ್ ಪಂದ್ಯವನ್ನು ತಮ್ಮ ಮೈದಾನದಲ್ಲಿ ಕಂಡದ್ದು ೧೯೭೪ರಲ್ಲಿ. ನಡುವೆ ಇಪ್ಪತ್ತೊಂದು ವರ್ಷ.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಲೇಬೇಕು. ಒಬ್ಬರೇ ಇಷ್ಟು ದೀರ್ಘಕಾಲ ಅಧಿಕಾರದ ಬಳಿ ಇರುವುದು ಒಳಿತೆ? ೨೦೧೬ರಲ್ಲಿ ಸರ್ವೋಚ್ಚ ನ್ಯಾಯಾಲಯವು ಲೋಧಾ ಸಮಿತಿಯ ಸಲಹೆಗಳನ್ನು ಒಪ್ಪಿದಾಗ, ಎಪ್ಪತ್ತು ದಾಟಿದವರು ಕ್ರಿಕೆಟ್ ಆಡಳಿತದಲ್ಲಿ ಇರಕೂಡದು, ಅವಧಿಗೂ ಮಿತಿಯಿರಬೇಕು ಎಂದಾಯಿತು; ಮುಂದೆ ಅವಧಿಯ ನಿಯಮಗಳು ಕೆಲಮಟ್ಟಿಗೆ ಸಡಿಲಗೊಂಡವು. ಚಿನ್ನಸ್ವಾಮಿಯವರು ಮಂಡಳಿಯ ಅಧ್ಯಕ್ಷರಾದಾಗ ಅವರಿಗೆ ಎಪ್ಪತ್ತೇಳು ವರ್ಷ! ಆ ನಿಯಮದಂತೆ ಅವರಿಗೆ ಬಾಗಿಲು ಮುಚ್ಚಿರುತ್ತಿತ್ತು. ಆದರೂ ನಿಯಮ ತಪ್ಪೆಂದು ನಾನು ಹೇಳಲಾರೆ. ಒಳ್ಳೆಯ ನೀರುಗಂಟಿ ಸಿಕ್ಕಿದನೆಂದು ತೂಬಿನ ಕೀಲಿಯನ್ನು ಒಬ್ಬನಿಗೇ ಬರೆದುಕೊಟ್ಟ ಊರು, ಕೆಟ್ಟವನು ಬಂದಾಗ ಬಾಯಿ ಬಡಿದುಕೊಳ್ಳಬೇಕಾಗುತ್ತದೆ. ವ್ಯಕ್ತಿಯಲ್ಲಿದ್ದ ತಾಳ್ಮೆಯನ್ನು ಸಂಸ್ಥೆಯೇ ಕಲಿಯಬೇಕು; ಒಬ್ಬರು ನೆಟ್ಟ ಗಿಡಕ್ಕೆ ಮುಂದಿನವರು ನೀರೆರೆಯುವಂತಾಗಬೇಕು. ೨೦೧೦ರಲ್ಲಿ ಅನಿಲ್ ಕುಂಬ್ಳೆಯವರು ಅಧ್ಯಕ್ಷರಾಗಿ, ಜಾವಗಲ್ ಶ್ರೀನಾಥರು ಕಾರ್ಯದರ್ಶಿಯಾಗಿ ಬಂದಾಗ, ಆಡಿದವರೇ ಆಡಿಸುವ ಹೊಣೆಗೂ ಹೆಗಲು ಕೊಡಬಲ್ಲರೆಂಬ ಭರವಸೆ ಹುಟ್ಟಿತು.

ಆಡಳಿತವೆಂದರೆ ಮೇಜು, ಕುರ್ಚಿ, ಸಭೆಯೆಂದು ಹಗುರವಾಗಿ ಮಾತನಾಡುವವರು ೨೦೨೫ರ ಜೂನ್ ೪ನ್ನು ನೆನೆಯಬೇಕು. ಬೆಂಗಳೂರಿನ ತಂಡ ಐಪಿಎಲ್ ಗೆದ್ದ ಮರುದಿನದ ಸಂಭ್ರಮಕ್ಕೆಂದು ಜನ ಮುಗಿಬಿದ್ದು, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಮಂದಿ ಪ್ರಾಣ ಕಳೆದುಕೊಂಡರು. ಅವರು ಆಡಲು ಬಂದವರಲ್ಲ, ನೋಡಲು ಬಂದವರು. ಬಾಗಿಲು ಎಷ್ಟು ಅಗಲ, ಯಾವ ಬಾಗಿಲಿನಿಂದ ಎಷ್ಟು ಜನ, ಹೊರಹೋಗುವ ದಾರಿ ಎಲ್ಲಿ ಎಂಬ ನೀರಸವಾದ ಲೆಕ್ಕ ತಪ್ಪಿದರೆ ಅದರ ಬೆಲೆ ಪ್ರಾಣವೇ ಆಗಬಹುದು. ಆಡಿಸುವವನೊಬ್ಬನ ಹೆಸರು ಹೊತ್ತ ಗೋಡೆಗಳ ಹೊರಗೇ ಈ ಪಾಠವನ್ನು ಕಲಿಯಬೇಕಾಗಿ ಬಂದುದು ನಮ್ಮ ದುರ್ದೈವ.

ರಾಜಧಾನಿಯ ಈ ಕಥೆಯ ಒಂದು ಕವಲು ನಮ್ಮ ಶಿವಮೊಗ್ಗೆಯವರೆಗೂ ಹರಿದು ಬಂದಿದೆ. ನವುಲೆಯಲ್ಲಿ, ಎಂಜಿನಿಯರಿಂಗ್ ಕಾಲೇಜಿನ ನೆರೆಯಲ್ಲಿ, ರಾಜ್ಯ ಸಂಸ್ಥೆಯ ಕ್ರಿಕೆಟ್ ಮೈದಾನವಿದೆ. ೨೦೨೦ರ ಫೆಬ್ರವರಿಯಲ್ಲಿ ಮಧ್ಯಪ್ರದೇಶವೂ ೨೦೨೫ರ ಅಕ್ಟೋಬರಿನಲ್ಲಿ ಗೋವಾ ತಂಡವೂ ಅಲ್ಲಿ ಕರ್ನಾಟಕದೊಡನೆ ರಣಜಿ ಪಂದ್ಯ ಆಡಿದವು. ಗೋವಾ ವಿರುದ್ಧ ಕರುಣ್ ನಾಯರ್ ಔಟಾಗದೆ ೧೭೪ ಹೊಡೆದರು. ಆ ಅಂಕಿ ದಾಖಲೆಯಲ್ಲಿ ಉಳಿಯುತ್ತದೆ. ಅಂಕಣಕ್ಕೆ ಮಣ್ಣು ಹಾಕಿ ಉರುಳೆ ಎಳೆದವರೂ, ವಲಯದ ಪಂದ್ಯಗಳ ಪಟ್ಟಿ ಹಾಕಿದವರೂ ಎಲ್ಲಿ ಉಳಿಯುತ್ತಾರೆ?

ನನ್ನದೊಂದು ಸಣ್ಣ ಸೂಚನೆ. ನಮ್ಮ ಕಾಲೇಜುಗಳ ವಾರ್ಷಿಕ ಸಂಚಿಕೆಗಳಲ್ಲಿ ಗೆದ್ದ ತಂಡದ ಚಿತ್ರ ಅಚ್ಚಾಗುತ್ತದೆ. ಅದರ ಕೆಳಗೆ ಆ ವರ್ಷ ಪಂದ್ಯಗಳನ್ನು ನಡೆಸಿದವರ ಹೆಸರು, ಬಂದ ತಕರಾರು, ಅದನ್ನು ತೀರಿಸಿದ ಬಗೆ, ಖರ್ಚಾದ ಹಣ ಇಷ್ಟನ್ನೂ ಅಚ್ಚು ಮಾಡೋಣ. ಹೊಗಳಿಕೆ ಬೇಡ, ಲೆಕ್ಕ ಸಾಕು. ಮುಂದೆ ಯಾರಾದರೂ ನಮ್ಮ ಆಟದ ಚರಿತ್ರೆ ಬರೆಯಲು ಕುಳಿತಾಗ, ತೂಬಿನ ಬಳಿ ನಿಂತವರು ಯಾರೆಂದು ಅವರು ಹುಡುಕಿ ಸೋಲುವಂತಾಗಬಾರದು.