ಒಳಾಂಗಣ ಆಟದ ಮನೆ: ಪುಣೆ ಸುತ್ತಲಿನ ಮರದಲ್ಲಿ

ಒಂದು ಬಡಾವಣೆಯ ಅಥವಾ ವಠಾರದ ಮಕ್ಕಳೆಲ್ಲ ಸೇರಿ ಆಡಲು ಸೂರಿನಡಿ ಮಾಡಿಕೊಡುವ ಸಾರ್ವಜನಿಕ ಜಾಗವೇ ಒಳಾಂಗಣ ಆಟದ ಮನೆ. ಹತ್ತುವ ಚೌಕಟ್ಟು, ಜಾರುಹಲಗೆ, ಅಡಗಿ ಕೂರುವ ಗೂಡು, ಮರದ ಇಟ್ಟಿಗೆಗಳ ಮೂಲೆ, ಕಥೆ ಕೇಳಲು ಮೆಟ್ಟಿಲು ಇದರ ಸಾಮಾನ್ಯ ಅಂಗಗಳು. ಪುಣೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಏಪ್ರಿಲ್, ಮೇ ಮಧ್ಯಾಹ್ನಗಳಲ್ಲಿ ಸುಡುಬಿಸಿಲು. ಇಂಥ ಊರಿಗೆ ಸೂರಿನಡಿಯ ಆಟ ಅಗತ್ಯವೇ ಹೊರತು ಶೋಕಿಯಲ್ಲ. ಮಾಲ್‌ಗಳಲ್ಲಿ ಗಂಟೆಗಿಷ್ಟು ಹಣ ತೆತ್ತು ಆಡಿಸುವ ಪ್ಲಾಸ್ಟಿಕ್ ತಾಣಗಳಿಗಿಂತ ಇದು ಬೇರೆ: ಇಲ್ಲಿ ಪ್ರವೇಶ ಎಲ್ಲರಿಗೂ ಉಂಟು, ಮುರಿದದ್ದನ್ನು ಅಲ್ಲಿಯ ಬಡಗಿಯೇ ಸರಿಮಾಡಬಲ್ಲ.

ಮರದಲ್ಲಿ ಕಟ್ಟುವುದು ಪುಣೆಗೆ ಹಳೆಯ ವಿದ್ಯೆ. 1730ರಲ್ಲಿ ಆರಂಭವಾಗಿ 1732ರಲ್ಲಿ ಗೃಹಪ್ರವೇಶವಾದ ಪೇಶ್ವೆಗಳ ಶನಿವಾರವಾಡೆಗೆ ಜುನ್ನರದ ಕಾಡಿನ ತೇಗ ಬಂದಿತ್ತು. 1828ರ ಬೆಂಕಿಗೆ ಅದರ ಮರದ ಅಂತಸ್ತುಗಳು ಆಹುತಿಯಾಗಿ ಮುಖ್ಯವಾಗಿ ಕಲ್ಲಿನ ಕೋಟೆಗೋಡೆ ಉಳಿಯಿತು. ಮಕ್ಕಳ ಜಾಗ ಕಟ್ಟುವವರು ಮರೆಯಬಾರದ ಘಟನೆ ಇದು: ಎದುರುಬದುರು ಎರಡು ಬಾಗಿಲು, ಎರಡೂ ಹೊರಕ್ಕೆ ತೆರೆಯುವಂಥವು, ಗೂಡುಗಳಿಗೆ ಎರಡು ಬಾಯಿ ಇರಲೇಬೇಕು. ಇಂದಿಗೂ ಹಳೆಯ ವಾಡೆಗಳನ್ನು ಕೆಡವಿದಾಗ ತೇಗದ ತೊಲೆ, ಕಂಬಗಳು ಹಳೇ ಮರದ ವ್ಯಾಪಾರಿಗಳ ಕೈಸೇರುತ್ತವೆ. ಹೊಸ ಮರಕ್ಕೆ ಊರಿನ ದೊಡ್ಡ ಪೇಟೆ ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್. ಹಳೆಯ ತೇಗ ಚೆನ್ನಾಗಿ ಹದವಾಗಿರುತ್ತದೆ, ಆದರೆ ಅದರ ಮೇಲಿನ ಹಳೆಯ ಬಣ್ಣದಲ್ಲಿ ಸೀಸ ಇದ್ದೀತು. ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಆದ್ದರಿಂದ ಬಣ್ಣ ಬಳಿದ ಹಳೆಯ ತೊಲೆಯನ್ನು ಮಕ್ಕಳಿರುವ ಜಾಗದಲ್ಲಿ ಉಜ್ಜಲೇಬಾರದು. ಆ ಕೆಲಸ ಬೇರೆಡೆ ಮುಗಿಯಬೇಕು, ದೂಳು ಹಾರದಂತೆ ಮೇಲ್ಮೈಯನ್ನು ಒದ್ದೆ ಮಾಡಿಕೊಂಡೇ ಉಜ್ಜಬೇಕು.

ಸ್ಥಳೀಯ ಮರವೆಂದರೆ ತೇಗವೊಂದೇ ಅಲ್ಲ. ಪುಣೆ ಜಿಲ್ಲೆಯ ಹೊಲದಂಚುಗಳಲ್ಲಿ ಕರಿಜಾಲಿ, ತೋಟಗಳಲ್ಲಿ ಫಸಲು ನಿಂತ ಮಾವು, ಪಶ್ಚಿಮದ ಮುಳಶಿ, ವೆಲ್ಹೆ ಕಡೆಯ ಬೆಟ್ಟಗಳಲ್ಲಿ ಬಿದಿರು, ಕೊಂಕಣದಿಂದ ಬರುವ ಹಲಸು, ನಗರದ ರಸ್ತೆಬದಿಯಲ್ಲಿ ಮಳೆಗಾಲಕ್ಕೆ ಉರುಳುವ ಮಳೆಮರ, ಎಲ್ಲವೂ ಈ ಲೆಕ್ಕಕ್ಕೆ ಬರುತ್ತವೆ. ಒಂದೊಂದಕ್ಕೂ ಒಂದೊಂದು ಸ್ವಭಾವ. ಬಂಡಿಯ ಗಾಲಿಗೂ ನೇಗಿಲಿಗೂ ಬಳಕೆಯಾಗುತ್ತಿದ್ದ ಜಾಲಿ ಗಟ್ಟಿ, ಭಾರ. ಏಣಿಯ ಮೆಟ್ಟಿಲಿಗೆ, ಗೂಟಕ್ಕೆ, ಬೆಣೆಗೆ ಅದೇ ಸರಿ. ಮಾವು ಉಳಿಗೆ ಸುಲಭವಾಗಿ ಬಗ್ಗುತ್ತದೆ, ಅಗ್ಗವೂ ಹೌದು. ಕಡಿದ ಮೇಲೆ ಹಾಗೇ ಬಿಟ್ಟರೆ ಮಾತ್ರ ಬೇಗ ಕಲೆಗಟ್ಟಿ ಹುಳ ಬೀಳುತ್ತದೆ. ಕೂಡಲೇ ಸೀಳಿ, ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಕುಡಿಸಿ, ನೆರಳಲ್ಲಿ ಗಾಳಿಯಾಡುವಂತೆ ಜೋಡಿಸಿಟ್ಟರೆ ಒಳಾಂಗಣಕ್ಕೆ ಅದು ನೆಚ್ಚಿನ ಮರ. ಈ ಬೋರಾನ್ ಸಂರಕ್ಷಕ ನೀರಿನಲ್ಲಿ ಕರಗಿ ಹೋಗುವುದರಿಂದ ಬಯಲಿಗೆ ಒಗ್ಗದು, ಸೂರಿನಡಿ ಸಾಕು. ಆರ್ಸೆನಿಕ್ ಸೇರಿದ ಸಂರಕ್ಷಕಗಳನ್ನು ಮಕ್ಕಳ ಕೈಬಾಯಿ ತಾಗುವಲ್ಲಿ ಎಂದಿಗೂ ಬಳಸಬಾರದು. ಮಳೆಮರ ಒಣಗುವಾಗ ಕುಗ್ಗುವುದು ಕಡಿಮೆ, ಅಗಲ ಹಲಗೆಗಳೂ ಸಿಗುತ್ತವೆ; ಕಥೆಮೆಟ್ಟಿಲಿಗೆ ಅದಕ್ಕಿಂತ ಒಳ್ಳೆಯದು ಸಿಗಲಾರದು.

ನಗರದಲ್ಲಿ ಮರ ಕಡಿಯಲು 1975ರ ಮಹಾರಾಷ್ಟ್ರ ನಗರ ಪ್ರದೇಶ ಮರಸಂರಕ್ಷಣಾ ಕಾಯ್ದೆಯಡಿ ವೃಕ್ಷ ಪ್ರಾಧಿಕಾರದ ಅನುಮತಿ ಬೇಕು. ಬಿದಿರಿನ ಪಾಡು ಸುಲಭವಾಗಿದೆ: 2017ರಲ್ಲಿ ಭಾರತೀಯ ಅರಣ್ಯ ಕಾಯ್ದೆಯ ‘ಮರ’ದ ವ್ಯಾಖ್ಯೆಯಿಂದ ಬಿದಿರನ್ನು ತೆಗೆದ ಮೇಲೆ, ರೈತರು ಕಾಡಿನ ಹೊರಗೆ ಬೆಳೆದದ್ದಕ್ಕೆ ಆ ಕಾಯ್ದೆಯ ತೊಡಕಿಲ್ಲ.

ಈ ವಿನ್ಯಾಸದ ನಿಜವಾದ ಪರೀಕ್ಷೆ ಹವೆಯಲ್ಲಿದೆ. ಒಣ ಬೇಸಿಗೆಯ ಮಧ್ಯಾಹ್ನಕ್ಕೂ ಜುಲೈ, ಆಗಸ್ಟ್‌ನ ತೇವಕ್ಕೂ ನಡುವೆ ಮರ ಪ್ರತಿವರ್ಷ ಹಿಗ್ಗುತ್ತದೆ, ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಚಲನೆ ಲೆಕ್ಕಕ್ಕೆ ಬಾರದಷ್ಟು. ಅಡ್ಡಕ್ಕೆ ಮಾತ್ರ ಬಲು ಹೆಚ್ಚು. ಅಗಲದ ಹಲಗೆಯನ್ನು ನಾಲ್ಕೂ ಕಡೆ ಸ್ಕ್ರೂ ಹಾಕಿ ಬಿಗಿದರೆ ಅದು ಸೀಳದೆ ಬೇರೆ ದಾರಿಯಿಲ್ಲ. ಅನುಭವಿ ಬಡಗಿ ಹಲಗೆಯನ್ನು ಚೌಕಟ್ಟಿನ ತೋಡಿನಲ್ಲಿ ಸಡಿಲಾಗಿ ಕೂರಿಸುತ್ತಾನೆ. ಬೋಲ್ಟ್ ಹಾಕಲೇಬೇಕಾದಲ್ಲಿ ತೂತನ್ನು ಅಡ್ಡಕ್ಕೆ ಉದ್ದವಾಗಿಸುತ್ತಾನೆ. ಸೀಳಿದ ಮರದ ಚೂರು ಮಗುವಿನ ಅಂಗೈ ಹೊಕ್ಕಬಲ್ಲದು, ಆದ್ದರಿಂದ ಈ ಸಣ್ಣ ತೂತು ಇಡೀ ಜಾಗದ ಸುರಕ್ಷತೆಗೆ ಸೇರಿದ ವಿಷಯ. ಮರದ ಬಗೆ, ಹದ, ಸಂರಕ್ಷಣೆ ಕುರಿತ ವೈಜ್ಞಾನಿಕ ಮಾಹಿತಿಗೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಆಸರೆ.

ಅಳತೆಗಳ ವಿಷಯದಲ್ಲಿ ಆಟದ ಸಾಧನಗಳ ಯುರೋಪಿಯನ್ ಮಾನದಂಡ ಇಎನ್ 1176 ದಾರಿ ತೋರಿಸುತ್ತದೆ. ಕಟಕಟೆ, ಏಣಿಗಳಲ್ಲಿ 89ರಿಂದ 230 ಮಿ.ಮೀ. ನಡುವಿನ ಸಂದು ಬಿಡಬಾರದು. ಮಗುವಿನ ಮೈ ತೂರಿ ತಲೆ ಸಿಕ್ಕಿಕೊಳ್ಳುವ ಅಳತೆ ಅದು. 8ರಿಂದ 25 ಮಿ.ಮೀ. ಸಂದಿನಲ್ಲಿ ಬೆರಳು ಸಿಲುಕೀತು. ಬೀಳುವ ಎತ್ತರ 60 ಸೆಂ.ಮೀ. ದಾಟಿದರೆ ಕೆಳಗೆ ಪೆಟ್ಟು ತಡೆಯುವ ಹಾಸು ಬೇಕೇಬೇಕು. ಪುಣೆಯ ಪುಟ್ಟ ಸಭಾಗೃಹಗಳಿಗೆ ಹೊಂದುವ ಮಾರ್ಗವೆಂದರೆ ಎಲ್ಲವನ್ನೂ 60 ಸೆಂ.ಮೀ. ಒಳಗೇ ಹರಡಿ ಕಟ್ಟುವುದು. ಎತ್ತರ ಕಡಿಮೆಯಾದರೂ ಆಟ ಕಡಿಮೆಯಾಗುವುದಿಲ್ಲ.

ಏಕೆಂದರೆ ಮಕ್ಕಳು ಹೆಚ್ಚು ಹೊತ್ತು ನಿಲ್ಲುವುದು ತಾವೇ ಎತ್ತಿಟ್ಟು ಕಟ್ಟಬಹುದಾದ ಬಿಡಿ ವಸ್ತುಗಳ ಬಳಿ. ಬ್ರಿಟಿಷ್ ಕಲಾವಿದ ಸೈಮನ್ ನಿಕಲ್ಸನ್ 1971ರಲ್ಲಿ ಇದನ್ನೇ ಬಿಡಿಭಾಗಗಳ ಸಿದ್ಧಾಂತವಾಗಿ ಮಂಡಿಸಿದ. ಅಂಥ ಬಿಡಿ ವಸ್ತುಗಳಲ್ಲೊಂದು ಮರದ ಇಟ್ಟಿಗೆ. ಅಮೆರಿಕದ ಶಿಕ್ಷಕಿ ಕ್ಯಾರೊಲಿನ್ ಪ್ರಾಟ್ ರೂಪಿಸಿದ ಇಟ್ಟಿಗೆಗಳ ದಪ್ಪ, ಅಗಲ, ಉದ್ದ 1:2:4ರ ಪ್ರಮಾಣದಲ್ಲಿವೆ. ಎರಡು ಇಟ್ಟಿಗೆ ಪಕ್ಕಪಕ್ಕ ಇಟ್ಟರೆ ಚೌಕ, ಅಡ್ಡಕ್ಕೆ ಅರ್ಧ ಮಾಡಿದರೆ ಅದೂ ಚೌಕ. ಚೌಕಟ್ಟು ಕಟ್ಟಿ ಉಳಿದ ಮಾವಿನ ತುಂಡುಗಳಿಂದಲೇ ಇವನ್ನು ಮಾಡಬಹುದು. ಅಳತೆ ಕರಾರುವಾಕ್ಕಾಗಿರಬೇಕು, ಇಲ್ಲವಾದರೆ ಗೋಪುರ ಮೇಲೆ ಹೋದಂತೆ ವಾಲುತ್ತದೆ. ಅಂಚನ್ನು ಉಜ್ಜಿ ದುಂಡಾಗಿಸಿ, ಅಗಸೆ ಎಣ್ಣೆ ಮತ್ತು ಜೇನುಮೇಣ ಸವರಿದರೆ ಬಣ್ಣವೇ ಬೇಡ.

ಬಣ್ಣ ಬೇಕೆನಿಸಿದರೆ ಅರಗು ಇದೆ. ಚನ್ನಪಟ್ಟಣದಲ್ಲಿ ಆಲೆಮರವನ್ನು ಚರಕಿಗೆ ಕೊಟ್ಟು ತಿರುಗಿಸುತ್ತ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮಹಾರಾಷ್ಟ್ರದಲ್ಲಿ ಸಾವಂತವಾಡಿಯ ಚಿತಾರ ಆಳಿಯ ಕುಶಲಕರ್ಮಿಗಳು ಹಗುರವಾದ ಹಾಲವಾಣದ ಮರದಲ್ಲಿ ಹಣ್ಣು, ತರಕಾರಿ ಆಟಿಕೆಗಳನ್ನು ಮಾಡುತ್ತಾರೆ. ಆಟದ ಮನೆಯಲ್ಲಿ ಅಂಗಡಿಯಾಟ ಆಡುವ ಮೂಲೆಗೆ ಇವೆರಡೂ ಊರುಗಳ ಕೆಲಸ ಒಗ್ಗುತ್ತದೆ.

ಅಗ್ಗದ, ಕೈಗೆಟುಕುವ ವಸ್ತುಗಳಲ್ಲೇ ಮಕ್ಕಳನ್ನು ಬೆಳೆಸುವ ವಿಚಾರಕ್ಕೆ ಮಹಾರಾಷ್ಟ್ರದಲ್ಲಿ ಗಟ್ಟಿ ಪರಂಪರೆಯಿದೆ. ಗಿಜುಭಾಯಿ ಬಧೇಕಾ ಜೊತೆ 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘ ಕಟ್ಟಿದ ತಾರಾಬಾಯಿ ಮೋಡಕ್, 1945ರಲ್ಲಿ ಬೋರ್ಡಿ ಎಂಬ ಹಳ್ಳಿಗೆ ಹೋಗಿ ದುಬಾರಿ ಮಾಂಟೆಸ್ಸರಿ ಸಲಕರಣೆಗಳ ಬದಲು ಊರಲ್ಲೇ ಸಿಗುವ ವಸ್ತುಗಳಿಂದ ಬಾಲವಾಡಿ ನಡೆಸಿದರು. ಮಕ್ಕಳು ಬಾರದಿದ್ದಾಗ ಶಾಲೆಯನ್ನೇ ಅವರ ಅಂಗಳಕ್ಕೆ ಒಯ್ದರು. ಪುಣೆಯಲ್ಲೇ ಐಯುಕಾ ಖಗೋಳವಿಜ್ಞಾನ ಸಂಸ್ಥೆಯ ಮಕ್ಕಳ ವಿಜ್ಞಾನ ಕೇಂದ್ರ ‘ಮುಕ್ತಾಂಗಣ’ದಲ್ಲಿ ಅರವಿಂದ ಗುಪ್ತ ಕಡ್ಡಿಪೆಟ್ಟಿಗೆಯ ಕಡ್ಡಿ, ಸೈಕಲ್ ವಾಲ್ವ್ ಟ್ಯೂಬ್‌ಗಳಿಂದ ಆಟಿಕೆ ಮಾಡುವುದನ್ನು ವರ್ಷಗಟ್ಟಲೆ ಕಲಿಸಿದರು, 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇಬ್ಬರ ಕೆಲಸದಿಂದಲೂ ವಿನ್ಯಾಸಕಾರ ಕಲಿಯಬೇಕಾದ್ದು ಒಂದೇ: ಸಲಕರಣೆ ಮುರಿಯಬಹುದೆಂಬ ಭಯ ಮಗುವಿಗೂ ಇರಬಾರದು, ನಡೆಸುವವರಿಗೂ ಇರಬಾರದು.

ಹೀಗಾಗಿ ನಿರ್ವಹಣೆಯನ್ನು ನಕ್ಷೆಯ ಹಂತದಲ್ಲೇ ಯೋಚಿಸಬೇಕು. ಅಂಟಿಗಿಂತ ಬೋಲ್ಟ್ ಮೇಲು, ಬಿಚ್ಚಿ ಬದಲಿಸಬಹುದು. ಎಲ್ಲ ಮೆಟ್ಟಿಲೂ ಒಂದೇ ಅಳತೆಯವಾಗಿದ್ದರೆ ಬಿಡಿ ಮೆಟ್ಟಿಲುಗಳನ್ನು ಮೊದಲೇ ಮಾಡಿಡಬಹುದು. ಮರ ಕುಗ್ಗಿ ಬೋಲ್ಟ್ ಸಡಿಲಾಗುವ ಮೇ ತಿಂಗಳಲ್ಲಿ ಒಮ್ಮೆ ಬಿಗಿ ನೋಡಬೇಕು. ಮಳೆ ನಿಂತ ಅಕ್ಟೋಬರ್‌ನಲ್ಲಿ ಬೂಷ್ಟು, ಗೆದ್ದಲು, ಎದ್ದ ಚೂರುಗಳನ್ನು ಹುಡುಕಿ ಉಜ್ಜಿ ಎಣ್ಣೆ ಕೊಡಬೇಕು. ಈ ಎರಡು ಬಾರಿಯ ಕೆಲಸದ ಕೂಲಿಯನ್ನು ವಸತಿ ಸೊಸೈಟಿಯ ವಾರ್ಷಿಕ ಖರ್ಚಿನಲ್ಲಿ ಕಟ್ಟುವ ವರ್ಷದಿಂದಲೇ ಬರೆದಿಡಬೇಕು.