ಟ್ಯಾಂಡಮ್ ಸೈಕಲ್: ಬಾಟಮ್ ಬ್ರಾಕೆಟ್ ಬೇರಿಂಗುಗಳ ಬದಲಾವಣೆ

ಸೈಕಲ್ ಫ್ರೇಮಿನ ತಳದಲ್ಲಿ ಅಡ್ಡಲಾಗಿರುವ ಕೊಳವೆಯೊಳಗೆ ಕೂತು, ಎರಡು ಕ್ರ್ಯಾಂಕುಗಳನ್ನು ಜೋಡಿಸುವ ಆಕ್ಸಲ್ ಮತ್ತು ಅದನ್ನು ಹೊರುವ ಬೇರಿಂಗುಗಳಿಗೆ ಬಾಟಮ್ ಬ್ರಾಕೆಟ್ ಎನ್ನುತ್ತಾರೆ. ಒಬ್ಬರ ಹಿಂದೊಬ್ಬರು ಕೂತು ಇಬ್ಬರೂ ತುಳಿಯುವ ಟ್ಯಾಂಡಮ್ ಸೈಕಲಿನಲ್ಲಿ ಇವು ಎರಡಿರುತ್ತವೆ. ನೋಡಲು ಒಂದೇ ಥರ ಇದ್ದರೂ ಎರಡರ ಮೇಲೆ ಬೀಳುವ ಹೊರೆ ಬೇರೆ ಬೇರೆ.

ಬಹುಪಾಲು ಟ್ಯಾಂಡಮ್‌ಗಳಲ್ಲಿ ಮುಂದಿನ ಸವಾರರ ಬಲ ಎಡಗಡೆಯ ಟೈಮಿಂಗ್ ಚೈನಿನ ಮೂಲಕ ಹಿಂದಿನ ಆಕ್ಸಲಿಗೆ ಬಂದು, ಅದನ್ನು ಅಡ್ಡ ಹಾಯ್ದು, ಬಲಗಡೆಯ ಚೈನಿನಿಂದ ಚಕ್ರಕ್ಕೆ ತಲುಪುತ್ತದೆ. ಒಂಟಿ ಸೈಕಲಿನ ಆಕ್ಸಲ್ ಎಡಗಾಲಿನ ಬಲವೊಂದನ್ನೇ ಬಲಕ್ಕೆ ದಾಟಿಸಿದರೆ ಸಾಕು. ಟ್ಯಾಂಡಮಿನ ಹಿಂದಿನ ಆಕ್ಸಲ್ ನಾಲ್ಕು ಕಾಲುಗಳಲ್ಲಿ ಮೂರರ ತಿರುಚುಬಲ ತಾಳಬೇಕು. ಜೊತೆಗೆ ಟೈಮಿಂಗ್ ಚೈನು ಅದರ ಎಡ ತುದಿಯನ್ನು ಮುಂದಕ್ಕೆಳೆದರೆ, ಚಕ್ರದ ಚೈನು ಬಲ ತುದಿಯನ್ನು ಹಿಂದಕ್ಕೆಳೆಯುತ್ತದೆ. ಹಾಗಾಗಿ ಸವೆತದ ಅನುಮಾನ ಬಂದರೆ ಮೊದಲು ನೋಡಬೇಕಾದದ್ದು ಹಿಂದಿನದನ್ನೇ.

ಕ್ರ್ಯಾಂಕನ್ನು ಹಿಡಿದು ಫ್ರೇಮಿನತ್ತ ಅಲುಗಾಡಿಸಿದಾಗ ಆಟ ಕಾಣುವುದು, ತಿರುಗಿಸಿದಾಗ ಮರಳು ಸಿಕ್ಕಿಕೊಂಡಂತೆ ತೊಡಕುವುದು ಸವೆತದ ಗುರುತು. ಟೈಮಿಂಗ್ ಚೈನು ಇದ್ದಾಗ ಒಂದು ಕ್ರ್ಯಾಂಕ್ ತಿರುಗಿಸಿದರೆ ಎರಡೂ ತಿರುಗುವುದರಿಂದ, ಚೈನು ಕಳಚದೆ ಯಾವುದು ಕೆಟ್ಟಿದೆ ಎಂದು ಹೇಳುವುದು ಬರೀ ಊಹೆ. ಕಿರುಗುಟ್ಟುವ ಸದ್ದನ್ನಂತೂ ನಂಬಲಾಗದು. ಉದ್ದನೆಯ ಫ್ರೇಮಿನಲ್ಲಿ ಅದು ಹುಟ್ಟುವುದೊಂದು ಕಡೆ, ಕೇಳಿಸುವುದು ಇನ್ನೊಂದು ಕಡೆ.

ಮುಂದಿನ ಬಾಟಮ್ ಬ್ರಾಕೆಟ್ ಸಾಮಾನ್ಯವಾಗಿ ಎಕ್ಸೆಂಟ್ರಿಕ್ ಎಂಬ ದಪ್ಪ ಲೋಹದ ಉರುಳೆಯೊಳಗೆ, ನಡುವಿನಿಂದ ಸರಿದ ತೂತಿನಲ್ಲಿ ಕೂತಿರುತ್ತದೆ. ಉರುಳೆಯನ್ನು ತಿರುಗಿಸಿದರೆ ಆಕ್ಸಲ್ ಹಿಂದೆ ಮುಂದೆ ಸರಿದು ಟೈಮಿಂಗ್ ಚೈನು ಸಡಿಲವಾಗುತ್ತದೆ, ಇಲ್ಲವೇ ಬಿಗಿಯಾಗುತ್ತದೆ. ಕೆಲಸ ಶುರುವಾಗುವುದೂ ಇಲ್ಲಿಂದಲೇ: ಉರುಳೆಯನ್ನು ಸಡಿಲಿಸಿ ಚೈನು ಇಳಿಸಬೇಕು, ಆಮೇಲೆ ಮತ್ತೆ ಬಿಗಿಯಬೇಕು. ಇಲ್ಲದಿದ್ದರೆ ಬೇರಿಂಗನ್ನು ಹಿಡಿದಿಡುವ ಕಪ್ಪಿಗೆ ಹಾಕಿದ ಸ್ಪ್ಯಾನರಿನ ಜೊತೆ ಉರುಳೆಯೇ ತಿರುಗಿಬಿಡುತ್ತದೆ. ನಾಲ್ಕೂ ಕ್ರ್ಯಾಂಕುಗಳಿಗೆ ಗುರುತು ಹಾಕಿಟ್ಟುಕೊಳ್ಳುವುದು ಒಳ್ಳೆಯದು, ಒಂದರ ಜಾಗಕ್ಕೆ ಇನ್ನೊಂದು ಹೊಂದುವುದಿಲ್ಲ. ಚೌಕ ತುದಿಯ ಆಕ್ಸಲ್ ಆಗಿದ್ದರೆ ಕ್ರ್ಯಾಂಕನ್ನು ಪುಲ್ಲರಿನಿಂದಲೇ ತೆಗೆಯಬೇಕು, ಸುತ್ತಿಗೆಯಿಂದಲ್ಲ.

ಹೆಚ್ಚು ಬಳಕೆಯಲ್ಲಿರುವ ಇಂಗ್ಲಿಷ್ ಥ್ರೆಡ್ಡಿನ ಅಳತೆ 1.37 ಇಂಚು, ಇಂಚಿಗೆ 24 ಸುತ್ತು. ಇದರಲ್ಲಿ ಎಡಗಡೆಯ ಕಪ್ ಎಂದಿನಂತೆ ಬಿಚ್ಚಿಕೊಳ್ಳುತ್ತದೆ, ಬಲಗಡೆಯದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ. ಇಟಾಲಿಯನ್ ಥ್ರೆಡ್ಡಿನಲ್ಲಿ ಎರಡೂ ಕಡೆ ಎಂದಿನ ದಿಕ್ಕೇ. ಇದನ್ನು ತಿಳಿಯದೆ ಬಲ ಹಾಕಿದರೆ ಬಿಚ್ಚಬೇಕಾದ ಕಪ್ ಇನ್ನಷ್ಟು ಬಿಗಿಯುತ್ತದೆ.

ಹಳೆಯ ಕಪ್ ಮತ್ತು ಕೋನ್ ಮಾದರಿಯಲ್ಲಿ ಸಾಮಾನ್ಯವಾಗಿ ಕಾಲು ಇಂಚಿನ ಗುಂಡುಗಳನ್ನು ಒಟ್ಟಿಗೇ ಬದಲಿಸುತ್ತಾರೆ. ಕಪ್ಪಿನಲ್ಲೋ ಆಕ್ಸಲಿನಲ್ಲೋ ಗುಳಿ ಬಿದ್ದಿದ್ದರೆ ಹೊಸ ಗುಂಡು ಹಾಕಿ ಪ್ರಯೋಜನವಿಲ್ಲ. ಸೀಲ್ ಮಾಡಿದ ಕಾರ್ಟ್ರಿಡ್ಜ್ ಮಾದರಿಯನ್ನು ಸಾಮಾನ್ಯವಾಗಿ ಇಡಿಯಾಗಿಯೇ ಬದಲಿಸುವುದು. ಬೇರಿಂಗ್ ಮಾತ್ರ ಒತ್ತಿ ಕೂರಿಸುವ ಮಾದರಿಯಾದರೆ ಒತ್ತಡ ಹೊರ ಬಳೆಯ ಮೇಲೆ ಬೀಳಬೇಕು. ಒಳ ಬಳೆಯನ್ನು ಒತ್ತಿದರೆ ಹೊಸ ಬೇರಿಂಗ್ ಕೂರುವ ಮುನ್ನವೇ ಕೆಡುತ್ತದೆ. ಹೊಸ ಆಕ್ಸಲ್ ಹಳೆಯದರಷ್ಟೇ ಉದ್ದವಿರಬೇಕು, ಇಲ್ಲವಾದರೆ ಎಡಗಡೆಯ ಎರಡು ಚೈನ್‌ರಿಂಗುಗಳು ಒಂದೇ ಸಾಲಿನಲ್ಲಿ ನಿಲ್ಲುವುದಿಲ್ಲ. ಥ್ರೆಡ್ಡಿಗೆ ಗ್ರೀಸ್ ಹಚ್ಚುವಾಗ ಎಕ್ಸೆಂಟ್ರಿಕ್ಕನ್ನೂ ಹೊರತೆಗೆದು, ಒರೆಸಿ, ಗ್ರೀಸ್ ಹಚ್ಚಬೇಕು. ಉಕ್ಕಿನ ಫ್ರೇಮಿನೊಳಗೆ ಒಣಗಿ ಕೂತ ಅಲ್ಯೂಮಿನಿಯಂ ಉರುಳೆ ಕಾಲಕ್ರಮದಲ್ಲಿ ಕಚ್ಚಿಕೊಳ್ಳುತ್ತದೆ. ಬೇರಿಂಗಿನದೆಂದುಕೊಂಡ ಸದ್ದು ಎಷ್ಟೋ ಸಲ ಇದರದೇ.

ಜೋಡಿಸುವಾಗ ಎರಡು ಜೊತೆ ಕ್ರ್ಯಾಂಕುಗಳೂ ಮೊದಲಿದ್ದ ಕೋನದಲ್ಲೇ ನಿಲ್ಲುವಂತೆ ಟೈಮಿಂಗ್ ಚೈನು ಏರಿಸಬೇಕು. 40 ಹಲ್ಲಿನ ಚೈನ್‌ರಿಂಗಿನಲ್ಲಿ ಒಂದು ಹಲ್ಲು ತಪ್ಪಿದರೆ 9 ಡಿಗ್ರಿ ವ್ಯತ್ಯಾಸ. ಚೈನ್‌ರಿಂಗುಗಳು ಪೂರ್ತಿ ದುಂಡಗಿರುವುದು ಅಪರೂಪವಾದ್ದರಿಂದ ಕ್ರ್ಯಾಂಕನ್ನು ಪೂರಾ ಸುತ್ತಿಸಿ, ಚೈನು ಅತಿ ಬಿಗಿಯಾಗುವ ಜಾಗದಲ್ಲೂ ಬೆರಳಿಗೆ ತುಸು ಬಾಗುವಂತೆ ನೋಡಿಕೊಳ್ಳಬೇಕು. ತೀರ ಸಡಿಲವಾದರೆ ಚೈನು ಹಾರುತ್ತದೆ. ತಂತಿಯಂತೆ ಬಿಗಿದರೆ ಹೊಸ ಬೇರಿಂಗುಗಳೇ ಬೇಗ ಸವೆಯುತ್ತವೆ. ಎಕ್ಸೆಂಟ್ರಿಕ್ ತಿರುಗಿದಾಗ ಮುಂದಿನ ಆಕ್ಸಲ್ ತುಸು ಮೇಲೋ ಕೆಳಗೋ ಸರಿದಿರುತ್ತದೆ. ಕೊನೆಯಲ್ಲಿ ಮುಂದಿನ ಸವಾರರ ಸೀಟಿನ ಎತ್ತರವನ್ನೂ ಮತ್ತೆ ಹೊಂದಿಸಬೇಕಾಗುತ್ತದೆ.